ಹಸಿರು ದೀಪ ಬಂದರೆ ಕೊಟ್ಟಿಗೆಗೆ

"ಆ ದೀಪದ ಗಡಿಯಾರ ತಂದ್ರಲ್ಲ, ಮಗು ನಿಜವಾಗಿ ತಡವಾಗಿ ಏಳ್ತದಾ?"

ಮದುವೆಮನೆಯ ಪಂಕ್ತಿಯಲ್ಲಿ, ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ, ಫೋನಿನಲ್ಲಿ, ಎಲ್ಲಿ ಸಿಕ್ಕಿದರೂ ಇದೇ ಪ್ರಶ್ನೆ. ಕೇಳುವವರೆಲ್ಲ ಎರಡು ಮೂರು ವರ್ಷದ ಮಕ್ಕಳ ತಾಯಂದಿರು. ಮುಖ ನೋಡಿದರೇ ಗೊತ್ತಾಗುತ್ತದೆ, ನಿದ್ದೆ ಇಲ್ಲ ಅಂತ.

ಏಳ್ತದೆ. ಮನೆಯ ದೊಡ್ಡವರೂ ಆ ಗಡಿಯಾರದ ಮಾತು ಕೇಳಿದರೆ.

ನೋಡದೇ ಇದ್ದವರಿಗೆ ಹೇಳಿಬಿಡುತ್ತೇನೆ. ಇದು ಅಲಾರಾಂ ಅಲ್ಲ, ಸದ್ದು ಮಾಡಿ ಎಬ್ಬಿಸುವುದಿಲ್ಲ. ರಾತ್ರಿಯಿಡೀ ಒಂದು ಬಣ್ಣದ ಮಂದ ದೀಪ ಇರುತ್ತದೆ, ನಾವು ಇಟ್ಟ ಹೊತ್ತಿಗೆ ಅದು ಬೇರೆ ಬಣ್ಣಕ್ಕೆ ತಿರುಗುತ್ತದೆ. ಕೆಲವದರಲ್ಲಿ ನಕ್ಷತ್ರ ಹೋಗಿ ಸೂರ್ಯ ಬರುತ್ತಾನೆ. ನಮ್ಮದರಲ್ಲಿ ಕೆಂಪು ಹೋಗಿ ಹಸಿರು. ಗಂಟೆ ಓದಲು ಬಾರದ ಮಗುವಿಗೆ ಬಣ್ಣ ಗೊತ್ತಾಗುತ್ತದೆ, ಅಷ್ಟೇ ಉಪಾಯ. "ಬೆಳಕು ಹರಿದ ಮೇಲೆ ಏಳು" ಅಂದರೆ ಸಾಕಾಗದಾ ಅಂತ ನಮ್ಮತ್ತೆ ಕೇಳಿದ್ದರು. ನಮ್ಮ ಕಡೆ ಜೂನಿನಲ್ಲಿ ಸೂರ್ಯ ಹುಟ್ಟುವುದು 6ರ ಹೊತ್ತಿಗೆ, ಜನವರಿಯಲ್ಲಿ ಹೆಚ್ಚುಕಮ್ಮಿ 7ಕ್ಕೆ. ಬೆಳಕನ್ನು ನಂಬಿದರೆ ವರ್ಷಕ್ಕೊಂದು ಗಂಟೆ ಆಚೀಚೆ.

ನಮ್ಮ ಮಾಣಿಗೆ ಆಗ ಎರಡು ವರ್ಷ ಎಂಟು ತಿಂಗಳು. ಬೆಳಿಗ್ಗೆ 4:45ಕ್ಕೆ ಎದ್ದು ಕೂರುತ್ತಿದ್ದ. ಅತ್ತೆ ಏಳುವುದು 4:30ಕ್ಕೆ. ಬಚ್ಚಲೊಲೆಗೆ ಬೆಂಕಿ, ಕೊಡಪಾನದ ಸದ್ದು, ಹಿಂದೆಯೇ ಮಾವ ಕೊಟ್ಟಿಗೆ ಬಾಗಿಲು ತೆಗೆಯುವುದು. ಆ ಹೊತ್ತಿಗೆ ಮಗುವಿನ ನಿದ್ದೆಯ ಹಸಿವು ಬಹುಪಾಲು ತೀರಿರುತ್ತದೆ, ಉಳಿದದ್ದು ತೆಳು ನಿದ್ದೆ. ಒಂದು ಚೊಂಬು ಬಿದ್ದರೂ ಎಚ್ಚರ. ಎಚ್ಚರಾದ ಮೇಲೆ ಏನಾಗುತ್ತಿತ್ತು ಅಂದರೆ, ಮಾವ ಅವನನ್ನು ಸೊಂಟಕ್ಕೆ ಏರಿಸಿಕೊಂಡು ಕರು ತೋರಿಸಲು ಹೋಗುತ್ತಿದ್ದರು. ವಾಪಸ್ ಬಂದ ಮೇಲೆ ಬಿಸಿ ಹಾಲು, ಅದರಲ್ಲಿ ಅದ್ದಿದ ಟೋಸ್ಟ್. ನೀವೇ ಹೇಳಿ, ಇಷ್ಟೆಲ್ಲ ಸಿಗುತ್ತದೆ ಅಂದರೆ ನಾನಾದರೂ ಏಳುತ್ತಿದ್ದೆ!

ಗಡಿಯಾರದ ಜೊತೆ ಬಂದ ಕಾಗದದಲ್ಲಿ ಮಗು ತನ್ನ ಕೋಣೆಯಲ್ಲಿ ಒಂದೇ ಮಲಗುತ್ತದೆ ಅಂತಲೇ ಬರೆದಿತ್ತು. ನಮ್ಮವನು ಮಲಗುವುದು ನಮ್ಮಿಬ್ಬರ ನಡುವೆ, ಅಡ್ಡಡ್ಡ. ಆದ್ದರಿಂದ "ಹಸಿರಾಗುವ ತನಕ ಕೋಣೆ ಬಿಟ್ಟು ಬರಬಾರದು" ಎಂಬ ನಿಯಮವನ್ನು ನಾವು "ಹಸಿರಾಗುವ ತನಕ ಕಂಬಳಿ ಬಿಟ್ಟು ಏಳಬಾರದು" ಅಂತ ಮಾಡಿಕೊಂಡೆವು.

ಮೊದಲ ತಪ್ಪು ನನ್ನದೇ. ಆಸೆಗೆ ಬಿದ್ದು ನೇರ 6ಕ್ಕೆ ಇಟ್ಟೆ. 4:45ಕ್ಕೆ ಎದ್ದ ಮಗು ಒಂದೂಕಾಲು ಗಂಟೆ ಕಾಯುತ್ತದಾ? ಎರಡು ದಿನ ಅತ್ತು ಮನೆ ತಲೆ ಮೇಲೆ ಮಾಡಿದ. ಮೂರನೇ ದಿನ 4:45ಕ್ಕೇ ಇಟ್ಟೆ. ಹೌದು, ಅವನು ಏಳುವ ಹೊತ್ತಿಗೇ. ಕಣ್ಣು ಬಿಟ್ಟ, ದೀಪ ನೋಡಿದ, "ಹಸ್ರಾತು!" ಅಂತ ಕೂಗಿದ. ಹಸಿರು ಅಂದರೆ ಏಳುವುದು ಅಂತ ತಲೆಗೆ ಹೋದದ್ದು ಆಗಲೇ. ಆಮೇಲೆ ಮೂರು ದಿನಕ್ಕೊಮ್ಮೆ 10 ನಿಮಿಷ ಮುಂದೆ ತಳ್ಳಿದೆ. 6ಕ್ಕೆ ಮುಟ್ಟಲು ತಿಂಗಳ ಹತ್ತಿರ ಬೇಕಾಯಿತು.

ಮಗುವಿಗಿಂತ ಮಾವನನ್ನು ಒಪ್ಪಿಸುವುದು ಕಷ್ಟವಾಯಿತು. "ಡಬ್ಬಿ ಹೇಳ್ದಾಂಗೆ ನಾವು ಕೇಳದಾ?" ಅಂದರು. ಅವರ ಬೇಸರ ಗಡಿಯಾರದ ಮೇಲಲ್ಲ, ಮೊಮ್ಮಗ ಜೊತೆಗೆ ಬರುವುದು ತಪ್ಪುತ್ತದಲ್ಲ ಅಂತ. ಹಾಲು ಕರೆಯುವುದನ್ನು ಮುಂದೆ ಹಾಕಲು ಆಗುವುದಿಲ್ಲ, ಆಕಳು ಕೇಳುವುದಿಲ್ಲ. ಕೊನೆಗೆ ಆಕಳಿಗೆ ಅಕ್ಕಚ್ಚು, ಅಂದರೆ ಅಕ್ಕಿ ತೊಳೆದ ನೀರು, ಕೊಡುವ ಕೆಲಸವನ್ನು 6ಕ್ಕೆ ಇಟ್ಟುಕೊಂಡರು. ಹಸಿರಾದ ಕೂಡಲೇ ಅಜ್ಜ ಮೊಮ್ಮಗ ಇಬ್ಬರೂ ಬಾಲ್ದಿ ಹಿಡಿದು ಹೊರಟರು. ಅದಕ್ಕೆ ಮುಂಚೆ ಎಚ್ಚರಾದರೆ ಕರುವೂ ಇಲ್ಲ, ಟೋಸ್ಟೂ ಇಲ್ಲ. ಒಬ್ಬರು ಒಂದು ದಿನ ಪಾಪ ಅಂತ ಎತ್ತಿಕೊಂಡರೂ ಮರುದಿನ ಮತ್ತೆ 4:45.

ಇನ್ನು ಮಳೆಗಾಲ. ನಮ್ಮೂರಿನ ಕರೆಂಟ್ ಕಥೆ ಗೊತ್ತಲ್ಲ. ನಮ್ಮ ಗಡಿಯಾರದೊಳಗೆ ಬ್ಯಾಟರಿ ಇರಲಿಲ್ಲ, ಕರೆಂಟ್ ಹೋಗಿ ಬಂದರೆ 12:00ರಿಂದ ಹೊಸದಾಗಿ ಶುರು. ಒಂದು ರಾತ್ರಿ 10ಕ್ಕೆ ಕರೆಂಟ್ ಬಂತು. ಅದಕ್ಕೆ ಆಗ 12 ಗಂಟೆ. ನಸುಕಿನ ಸರೀ 4ಕ್ಕೆ ಅದರ 6 ಆಯಿತು, ದೀಪ ಹಸಿರಾಯಿತು, ಎಚ್ಚರಾದ ನಮ್ಮವನು "ಹಸ್ರಾತು!" ಅಂದ. ಎಂತ ಮಾಡುವುದು? ನಿಯಮ ಮಾಡಿದ್ದು ನಾವೇ. ಧೋ ಅಂತ ಮಳೆ, ನಾನೇ ಟಾರ್ಚ್ ಹಿಡಿದು ಕರು ತೋರಿಸಲು ಹೋದೆ. ಅತ್ತೆ ಕೂಡ ಎದ್ದಿರಲಿಲ್ಲ. ಕೊಳ್ಳುವುದಾದರೆ ಕರೆಂಟ್ ಹೋದರೂ ಟೈಮ್ ತಪ್ಪದ್ದನ್ನೇ ಕೊಳ್ಳಿ. ರಾತ್ರಿಯ ದೀಪ ನೀಲಿ, ಬಿಳಿ ಇರುವುದು ಬೇಡ. ನಿದ್ದೆ ಬರಿಸುವ ಮೆಲಟೋನಿನ್ ಹಾರ್ಮೋನನ್ನು ಆ ಬೆಳಕು ಜಾಸ್ತಿ ತಡೆಯುತ್ತದೆ. ಮಂದ ಕೆಂಪಿನಿಂದ ಆ ತೊಂದರೆ ಕಡಿಮೆ.

ದುಡ್ಡು ಹಾಕುವ ಮೊದಲು ಇಡೀ ದಿನದ ನಿದ್ದೆಯನ್ನೊಮ್ಮೆ ಲೆಕ್ಕ ಹಾಕಿ ನೋಡಿ. 1ರಿಂದ 2 ವರ್ಷದ ಮಕ್ಕಳಿಗೆ ಹಗಲಿನದೂ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು, 3ರಿಂದ 5 ವರ್ಷದವರಿಗೆ 10ರಿಂದ 13. ನಮ್ಮವನು ರಾತ್ರಿ 9:30ರಿಂದ 4:45, ಮಧ್ಯಾಹ್ನ ಎರಡೂವರೆ ಗಂಟೆ. ಒಟ್ಟು 10 ಕೂಡ ಆಗುತ್ತಿರಲಿಲ್ಲ. ಮಧ್ಯಾಹ್ನ 4ರ ತನಕ ಮಲಗುತ್ತಿದ್ದವನನ್ನು 3ಕ್ಕೇ ಎಬ್ಬಿಸಿ, ರಾತ್ರಿ 8:30ಕ್ಕೆ ಮಲಗಿಸಲು ಶುರು ಮಾಡಿದೆವು. ಅರ್ಧ ಕೆಲಸ ಅದೇ ಮಾಡಿತು ಅಂತ ನನಗೆ ಈಗಲೂ ಅನುಮಾನ. ಎಂಟು ಗಂಟೆ ನಿದ್ದೆ ಮುಗಿದ ದೊಡ್ಡವರ ಹಾಗೆ ಪೂರ್ತಿ ನಿದ್ದೆಯಾಗಿ ನಗುತ್ತಾ ಏಳುವ ಮಗು ಇರುತ್ತದೆ, ಅದನ್ನು ಯಾವ ದೀಪವೂ ಮಲಗಿಸುವುದಿಲ್ಲ. ಎರಡು ವರ್ಷ ತುಂಬದ ಮಗುವಿಗೂ ತರಬೇಡಿ. ಕಾಯುವುದು ಅಂದರೇನು ಅಂತ ಅದಕ್ಕೆ ಅರ್ಥವೇ ಆಗುವುದಿಲ್ಲ, ಸುಮ್ನೆ ಒಂದು ಆಟದ ಸಾಮಾನಾಗುತ್ತದೆ.

ಅಡಿಕೆ ಕೊಯ್ಲಿನ ದಿನಗಳಲ್ಲಿ ನಾವು ಗಡಿಯಾರ ಎತ್ತಿ ಕಪಾಟಿನೊಳಗೆ ಇಡುತ್ತೇವೆ. ರಾತ್ರಿ 11ರ ತನಕ ಜಗಲಿಯಲ್ಲಿ ಅಡಿಕೆ ಸುಲಿಯುವವರ ಮಾತು, ನಗು, ಚಹಾ. ಅಲ್ಲಿ ಯಾರ ತೊಡೆಯ ಮೇಲೋ ಮಲಗಿದವನಿಗೆ ಯಾವ ಕೆಂಪು, ಯಾವ ಹಸಿರು?

ಉಳಿದ ದಿನ 6ರ ತನಕ ನಿದ್ದೆ ಮಾಡುತ್ತಾನಾ ಅಂತ ಕೇಳಿದರೆ, ವಾರದಲ್ಲಿ ನಾಲ್ಕೈದು ದಿನ ಹೌದು. ಇನ್ನೆರಡು ದಿನ 5:15ಕ್ಕೇ ಕಣ್ಣು ಬಿಟ್ಟು, ಕಂಬಳಿಯೊಳಗೆ ಅಲುಗಾಡದೆ ಮಲಗಿ, ಐದೈದು ನಿಮಿಷಕ್ಕೊಮ್ಮೆ ನನ್ನ ಕಿವಿಯ ಹತ್ತಿರ ಬಂದು ಪಿಸುಗುಡುತ್ತಾನೆ: "ಆಯೀ, ಇನ್ನೂ ಕೆಂಪಿದ್ದು."