ಐದು ಹೂವಿಗಾಗಿ ಕಾದ ಊರು

ಟಿವಿಯಲ್ಲಿ ಒಂದು ಮರ ಕಾಣುತ್ತಿತ್ತು. ಎಲೆಯಿಲ್ಲ, ಹೂವಿಲ್ಲ, ಬರೀ ಕೊಂಬೆ. ಕೆಳಗೆ ಕ್ಯಾಮೆರಾದವರ ಸಾಲು, ಮೈಕ್ ಹಿಡಿದ ವರದಿಗಾರರು. ನಡುವೆ ಒಬ್ಬರು ಕತ್ತೆತ್ತಿ ಒಂದೊಂದೇ ಕೊಂಬೆ ನೋಡುತ್ತಾ ಮರ ಸುತ್ತುತ್ತಿದ್ದರು. ಪರದೆಯ ಮೂಲೆಯಲ್ಲಿ ಪುಟ್ಟದೊಂದು ಚೌಕ, ಅದರಲ್ಲಿ ಸ್ಟುಡಿಯೋದಲ್ಲಿ ಕೂತವರ ಮುಖ. ಜಪಾನಿನ ಟಿವಿಯಲ್ಲಿ ಈ ಚೌಕ ಸಾಮಾನ್ಯ. ನೋಡುವವರ ಮುಖವನ್ನೂ ನಮಗೆ ತೋರಿಸುತ್ತಾರೆ. ಆ ಮುಖಗಳಲ್ಲಿ ಕೊನೆಯ ಓವರ್‌ನ ಆತಂಕವಿತ್ತು. ಮರ ಸುತ್ತಿದವರು ಈ ಕಡೆ ತಿರುಗಿ ಏನೋ ಹೇಳಿದರು. ಚೌಕದೊಳಗಿನ ಮುಖಗಳೆಲ್ಲ ಒಟ್ಟಿಗೆ ಸಪ್ಪಗಾದವು.

"ಏನಂತೆ?" ಅಂತ ತಂಗಿಯನ್ನು ಕೇಳಿದೆ.

"ಇನ್ನೂ ಇಲ್ವಂತೆ ಅಣ್ಣ. ಐದು ಹೂ ಅರಳಬೇಕು. ಆಗ ಟೋಕಿಯೋದಲ್ಲಿ ಸಕುರಾ ಶುರು ಅಂತ ಲೆಕ್ಕ."

ಇದು 2024ರ ಮಾರ್ಚ್ ಕೊನೆಯ ವಾರದ ಮಾತು. ತಂಗಿಯ ಮನೆ ಇರುವುದು ಟೋಕಿಯೋದ ನಿಶಿ-ಕಸಾಯಿಯಲ್ಲಿ. ಭಾರತೀಯರು ಜಾಸ್ತಿ ಇರುವ ಬಡಾವಣೆ, ತೊಗರಿಬೇಳೆ, ಸಾಸಿವೆ ಎಲ್ಲ ಸಿಗುತ್ತದೆ. ನಾನು ಹೋಗಿದ್ದು ಸಕುರಾ, ಅಂದರೆ ಅಲ್ಲಿನ ಚೆರ್ರಿ ಹೂ, ನೋಡಲು. ಹನ್ನೊಂದು ದಿನದಲ್ಲಿ ಕಾಮಾಕುರದ ಬುದ್ಧನನ್ನು ನೋಡಿದೆ, ಅಸಾಕುಸದ ಜಂಗುಳಿಯಲ್ಲಿ ನಡೆದೆ, ಮೋಡದ ಹಿಂದಿದ್ದ ಫ್ಯೂಜಿಗೆ ಕೈ ಮುಗಿದು ಬಂದೆ. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನ್ನ ಮನಸ್ಸಿನಲ್ಲಿ ಉಳಿದಿದ್ದು ಆ ಬೋಳು ಮರ, ಮತ್ತು ಪಕ್ಕದ ಮನೆ ಅಜ್ಜಿಯ ಕ್ಯಾಲೆಂಡರ್.

ಮೊದಲು ನನ್ನ ಹೊಟ್ಟೆಯುರಿ ಹೇಳಿಬಿಡುತ್ತೇನೆ, ಇನ್ನೊಬ್ಬರಿಗಾದರೂ ಉಪಯೋಗವಾಗಲಿ. 2023ರಲ್ಲಿ ಟೋಕಿಯೋದಲ್ಲಿ ಮಾರ್ಚ್ 14ಕ್ಕೇ ಹೂ ಬಂದಿತ್ತು. ಅದನ್ನು ನಂಬಿ ಮಾರ್ಚ್ 19ರಿಂದ 30ರವರೆಗೆ ಟಿಕೆಟ್ ತೆಗೆದೆ. ನಾನು ಹೋದ ವರ್ಷ ಮಾರ್ಚ್‌ನಲ್ಲಿ ಚಳಿ. ಹೂವಿನ ಸುಳಿವಿಲ್ಲ. ಟಿಕೆಟ್ ಬದಲಿಸಲು ಕೇಳಿದ ದುಡ್ಡಿನಲ್ಲಿ ಇನ್ನೊಂದು ಸಲ ಬಂದುಹೋಗಬಹುದಿತ್ತು. ಟೋಕಿಯೋದಲ್ಲಿ ಹೂ ಶುರುವಾಗುವ ಸರಾಸರಿ ದಿನ ಮಾರ್ಚ್ 24. ಮೊದಲ ಹೂವಿನಿಂದ ಮರ ತುಂಬುವುದಕ್ಕೆ ಮತ್ತೂ ಒಂದು ವಾರ ಬೇಕು. ಹಾಗಾಗಿ ಹಿಂದಿನ ವರ್ಷದ ತಾರೀಖು ನೋಡಿ ಟಿಕೆಟ್ ತೆಗೆಯಬೇಡಿ. ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರ ದಾಟುವವರೆಗೆ ಇಟ್ಟುಕೊಳ್ಳಿ.

ಆ ಮರ ಇರುವುದು ಯಾಸುಕುನಿ ಮಂದಿರದ ಆವರಣದಲ್ಲಿ. ಯುದ್ಧದಲ್ಲಿ ಸತ್ತವರ ಮಂದಿರ ಅದು. ರಾಜಕಾರಣಿಗಳು ಅಲ್ಲಿಗೆ ಹೋದಾಗಲೆಲ್ಲ ಚೀನಾ, ಕೊರಿಯಾಗಳಲ್ಲಿ ಸಿಟ್ಟೇಳುತ್ತದೆ. ಆದರೆ ಮಾರ್ಚ್‌ನಲ್ಲಿ ಎಲ್ಲರ ಕಣ್ಣು ಈ ಒಂದು ಮರದ ಮೇಲೆ. ಇದು ಹವಾಮಾನ ಇಲಾಖೆಯ ಮಾದರಿ ಮರ. ದೇಶದ ಬೇರೆ ಬೇರೆ ಊರುಗಳಲ್ಲಿ ಇಂಥ ಮರಗಳಿವೆ. ಐದಾರು ಹೂ ಬಿಟ್ಟರೆ "ಅರಳಿತು" ಅಂತ ಘೋಷಣೆ. ನೂರಕ್ಕೆ ಎಂಬತ್ತು ಮೊಗ್ಗು ಬಿಚ್ಚಿದರೆ "ತುಂಬಿತು" ಅಂತ ಇನ್ನೊಂದು ಘೋಷಣೆ. ಒಂದೇ ಮರ ನೋಡಿ ಊರಿಗೆಲ್ಲ ಹೇಗೆ ಹೇಳುತ್ತಾರೆ ಅನ್ನಿಸಬಹುದು. ಇದು ಸೊಮೇಯಿ-ಯೋಶಿನೋ ತಳಿ. ಬೀಜದಿಂದ ಬೆಳೆಸಿದ್ದಲ್ಲ, ಎಲ್ಲವೂ ಕಸಿ. ನಮ್ಮ ಆಪೂಸು ಮಾವಿನ ಹಾಗೆ. ಒಂದೇ ಮರದ ಮೈ ಸಾವಿರಾರು ಕಡೆ ನಿಂತಿದೆ, ಹಾಗಾಗಿ ಒಂದು ಊರಿನ ಮರಗಳೆಲ್ಲ ಹೆಚ್ಚುಕಮ್ಮಿ ಒಟ್ಟಿಗೆ ಅರಳುತ್ತವೆ.

ನನಗೆ ಆಶ್ಚರ್ಯವಾಗಿದ್ದು ಬೇರೆ. ಮಾರ್ಚ್ 21ರ ಬೆಳಿಗ್ಗೆ ಒಂಬತ್ತು ಗಂಟೆ ಹೊತ್ತಿಗೆ ಇಬರಾಕಿ ಕಡೆ ಭೂಕಂಪವಾಯಿತು. ತಂಗಿಯ ಮನೆಯ ಕಿಟಕಿ ಗಾಜು ಗಡಗಡ ಅಂತು. ನಾನು ಬಾಗಿಲಿಗೆ ಓಡಿದೆ, ಅವಳು ಟಿವಿ ಹಾಕಿದಳು. ಆಗಲೇ ಭೂಪಟದ ಮೇಲೆ ಯಾವ ಊರಿನಲ್ಲಿ ಎಷ್ಟು ನಡುಗಿತು ಅನ್ನುವ ಅಂಕಿಗಳು ಬಂದಿದ್ದವು. ಆ ಅಂಕಿ ಕೊಡುವುದು ಹವಾಮಾನ ಇಲಾಖೆ. ಸುನಾಮಿ ಬರುತ್ತದೋ ಇಲ್ಲವೋ ಹೇಳುವುದೂ ಅದೇ. ಮರದ ಕೆಳಗೆ ನಿಂತು ಒಂದು, ಎರಡು, ಮೂರು ಅಂತ ಹೂ ಎಣಿಸುವುದೂ ಅದೇ ಇಲಾಖೆ! 2007ರಲ್ಲಿ ಟೋಕಿಯೋ ಸೇರಿ ನಾಲ್ಕು ಊರುಗಳ ಹೂವಿನ ಮುನ್ಸೂಚನೆ ಕಂಪ್ಯೂಟರ್ ಲೆಕ್ಕದ ತಪ್ಪಿನಿಂದ ಹೆಚ್ಚುಕಮ್ಮಿಯಾದಾಗ ಪತ್ರಿಕಾಗೋಷ್ಠಿ ಕರೆದು ಕ್ಷಮೆ ಕೇಳಿದ್ದರಂತೆ. ಹೂವಿನ ವಿಷಯಕ್ಕೆ! ನನಗೆ ಆ ಅಧಿಕಾರಿಗಳ ಮೇಲೆ ತುಂಬಾ ಗೌರವ ಬಂತು. 2010ರಿಂದ ಇಲಾಖೆ ಮುನ್ಸೂಚನೆ ಕೊಡುವುದು ಬಿಟ್ಟಿದೆ, ಖಾಸಗಿ ಕಂಪನಿಗಳು ಕೊಡುತ್ತವೆ. ಅರಳಿತು ಅಂತ ಹೇಳುವ ಅಧಿಕಾರ ಮಾತ್ರ ಇಲಾಖೆಯದೇ.

28ರ ಸಂಜೆ ಪಕ್ಕದ ಮನೆ ಅಜ್ಜಿ ಚಹಾಕ್ಕೆ ಕರೆದರು. ತಂಗಿಯ ಮಗಳಿಗೆ ಅವರು "ಒಬಾಚಾನ್", ಅಂದರೆ ಅಜ್ಜಿಯೇ. ಸಕುರಾ-ಮೋಚಿ ತಂದಿಟ್ಟರು. ಒಳಗೆ ಸಿಹಿ ಹೂರಣ, ಹೊರಗೆ ತೆಳು ಗುಲಾಬಿ ಹೊದಿಕೆ, ಅದರ ಮೇಲೆ ಉಪ್ಪಿನಲ್ಲಿಟ್ಟ ಸಕುರಾ ಎಲೆ. ನಾನು ಎಲೆ ಬಿಡಿಸಲು ಹೋದೆ, ಅರಿಶಿನ ಎಲೆಯ ಕಡುಬಿನ ಅಭ್ಯಾಸ. ಅಜ್ಜಿ ಬೇಡ ಬೇಡ ಅಂತ ಕೈ ಆಡಿಸಿದರು. ಎಲೆಯ ಸಮೇತ ತಿನ್ನಬೇಕು. ಹಲ್ಲಿಗೆ ಸಿಕ್ಕ ಉಪ್ಪು, ಹಿಂದೆಯೇ ಹೂರಣದ ಸಿಹಿ, ಕೊನೆಯಲ್ಲಿ ಮೂಗಿಗೆ ಏರುವ ಒಂದು ಪರಿಮಳ. ಮಾರ್ಚ್ ಬಂತೆಂದರೆ ಅಲ್ಲಿ ಕಾಫಿಗೂ ಬಿಸ್ಕತ್ತಿಗೂ ಸಕುರಾ ಹೆಸರು ಅಂಟಿಸುತ್ತಾರೆ, ಬರೀ ಬಣ್ಣ ಮತ್ತು ಸಕ್ಕರೆ. ತಿನ್ನುವುದಾದರೆ ಈ ಮೋಚಿ ತಿನ್ನಬೇಕು.

ಅಡುಗೆಮನೆಯ ಗೋಡೆಯಲ್ಲಿ ಫ್ರಿಜ್ ಪಕ್ಕ ಒಂದು ಕ್ಯಾಲೆಂಡರ್ ತೂಗುಹಾಕಿತ್ತು. ಪ್ರತಿ ಚೌಕದ ಮೂಲೆಯಲ್ಲೂ ಪೆನ್ಸಿಲ್‌ನಲ್ಲಿ ಎರಡು ಸಣ್ಣ ಅಂಕಿ. ನಾನು ನೋಡುತ್ತಿರುವುದನ್ನು ಕಂಡು ಅಜ್ಜಿ ಅದನ್ನು ಇಳಿಸಿ ಮೇಜಿನ ಮೇಲೆ ಹರಡಿದರು. ತಂಗಿ ನಡುವೆ ಕೂತು ಕನ್ನಡಕ್ಕೆ ತಂದಳು.

ಮೇಲಿನದು ಆ ದಿನದ ಗರಿಷ್ಠ ಉಷ್ಣಾಂಶ. ಕೆಳಗಿನದು ಫೆಬ್ರವರಿ 1ರಿಂದ ಅಲ್ಲಿಯವರೆಗಿನ ಮೊತ್ತ. ಆ ಮೊತ್ತ 600 ಆದಾಗ ಟೋಕಿಯೋದಲ್ಲಿ ಹೂ ಬಿಡುತ್ತದೆ ಅನ್ನುವ ಲೆಕ್ಕ ಅಲ್ಲಿ ಬಹಳ ಜನರಿಗೆ ಗೊತ್ತಂತೆ. ಮೊಗ್ಗು ಹಿಂದಿನ ಬೇಸಿಗೆಯಲ್ಲೇ ಕಟ್ಟಿರುತ್ತದೆ. ಚಳಿಗಾಲದ ಗಟ್ಟಿ ಚಳಿ ಅದನ್ನು ಎಬ್ಬಿಸಬೇಕು. ಆಮೇಲೆ ಬಿಸಿಲು ಕೂಡುತ್ತಾ ಕೂಡುತ್ತಾ ಅರಳುತ್ತದೆ. ಆದರೆ ಈ ಸಲ 600 ದಾಟಿ ಎಷ್ಟೋ ದಿನವಾಗಿತ್ತು. ಅಜ್ಜಿ ಆ ಚೌಕದ ಮೇಲೆ ಬೆರಳಿಟ್ಟು ತಲೆಯಾಡಿಸಿದರು.

"ಕೂಡುವುದರಲ್ಲಿ ತಪ್ಪಿದೆನೇನೋ ಅಂತ ಮೂರು ಸಲ ನೋಡಿದೆ. ತಪ್ಪಿಲ್ಲ. ಮರಕ್ಕೆ ಇನ್ನೂ ಮನಸ್ಸಿಲ್ಲ."

ಒಂದು ಚೌಕದಲ್ಲಿ ಪುಟ್ಟ ಹಕ್ಕಿಯ ಚಿತ್ರವಿತ್ತು. ಅದೇನು ಅಂತ ಕೇಳಿದೆ. ಅಜ್ಜಿ ತುಟಿ ಸಣ್ಣಗೆ ಮಾಡಿ ಕೂಗಿ ತೋರಿಸಿದರು. "ಹೋ... ಹೊಕೆಕ್ಯೋ!" ಉಗುಯಿಸು ಹಕ್ಕಿ. ವಸಂತದಲ್ಲಿ ಅದು ಮೊದಲ ಸಲ ಹಾಡಿದ ದಿನ ಅದು. ಅವರ ತವರು ಮಿತೋ. ಅಲ್ಲಿ ತಮ್ಮ ಇದ್ದಾನೆ, ಕೇಳಿದ ಬೆಳಿಗ್ಗೆಯೇ ಫೋನ್ ಮಾಡುತ್ತಾನೆ.

ಆಮೇಲೆ ಅವರು ಹೇಳಿದ್ದು ನನಗೆ ಹೊಸದು. 1953ರಿಂದ ಹವಾಮಾನ ಇಲಾಖೆ ದೇಶದ ಎಲ್ಲ ಕಡೆ ಒಂದೇ ಕ್ರಮದಲ್ಲಿ ಇವನ್ನೆಲ್ಲ ಬರೆದಿಡುತ್ತಿತ್ತು. ಉಗುಯಿಸುವಿನ ಮೊದಲ ಹಾಡು, ಕವಲುತೋಕೆ ಮೊದಲು ಕಂಡ ದಿನ, ಜೀರುಂಡೆಯ ಮೊದಲ ಕೂಗು. ಗಿಡಗಳು 34, ಪ್ರಾಣಿಗಳು 23. ಊರುಗಳು ಬೆಳೆದವು, ಹಕ್ಕಿ ಹುಳುಗಳು ಸಿಗುವುದೇ ಕಷ್ಟವಾಯಿತು. 2021ರಿಂದ ಪ್ರಾಣಿಗಳನ್ನು ಪಟ್ಟಿಯಿಂದ ಪೂರ್ತಿ ಕೈಬಿಟ್ಟರು. ಈಗ ಉಳಿದಿದ್ದು ಸಕುರಾ ಸೇರಿ ಆರೇ ಗಿಡಗಳು.

"ಮೊದಲೆಲ್ಲ ತಮ್ಮ ಹೇಳಿದ ದಿನವನ್ನು ಇಲಾಖೆಯವರ ದಿನದ ಜೊತೆ ತಾಳೆ ನೋಡುತ್ತಿದ್ದೆ," ಅಂದರು ಅಜ್ಜಿ. "ಒಂದೊಂದು ವರ್ಷ ಅವನು ಮೊದಲು ಕೇಳಿರುತ್ತಿದ್ದ. ಅವನಿಗೆ ಎಷ್ಟು ಖುಷಿ ಗೊತ್ತಾ? ಈಗ ತಾಳೆ ನೋಡುವುದಕ್ಕೆ ಆ ಕಡೆ ಯಾರೂ ಇಲ್ಲ."

ತಂಗಿ ಇದನ್ನು ಕನ್ನಡದಲ್ಲಿ ಹೇಳುವಾಗ ಸ್ವಲ್ಪ ತಡೆದಳು. ಅಜ್ಜಿ ಎದ್ದು ಹೋಗಿ ಕಪಾಟಿನಿಂದ ಹಳೆಯ ಕ್ಯಾಲೆಂಡರುಗಳ ಸುರುಳಿ ತಂದರು. ಒಂದೊಂದಕ್ಕೂ ರಬ್ಬರ್ ಬ್ಯಾಂಡ್. ತುಂಬ ಹಳೆಯದರ ರಬ್ಬರ್ ಕಾಗದಕ್ಕೇ ಅಂಟಿಹೋಗಿತ್ತು. ಉಗುರಿನಿಂದ ಮೆಲ್ಲಗೆ ಬಿಡಿಸಿದರು, ಕಾಗದ ಹರಿಯಲಿಲ್ಲ. ನಾನು ಕ್ಯೋಟೋದ ವಿಷಯ ತೆಗೆದೆ. ಅರಮನೆಯವರು, ಭಿಕ್ಷುಗಳು ದಿನಚರಿಯಲ್ಲಿ ಗೀಚಿಟ್ಟ ಸಾಲುಗಳಿಂದಲೇ ಅಲ್ಲಿ 1200 ವರ್ಷಗಳ ಸಕುರಾ ದಾಖಲೆ ಕೂಡಿಸಿದ್ದಾರೆ. 2021ರ ಮಾರ್ಚ್ 26ರಂದು ಹೂ ತುಂಬಿದಾಗ ಅದು ಅಲ್ಲಿಯವರೆಗಿನ ಅಷ್ಟೂ ವರ್ಷಗಳಲ್ಲೇ ಅತಿ ಬೇಗ ಅಂತ ಗೊತ್ತಾಗಿದ್ದು ಆ ಸಾಲುಗಳಿಂದ. ಅಜ್ಜಿ ಕೇಳಿಸಿಕೊಂಡು ಕ್ಯಾಲೆಂಡರಿನ ಅಂಚು ಸರಿಮಾಡಿದರು. "ನಾಳೆ ನೀವು ಮರ ನೋಡಲು ಹೋಗುವುದಾದರೆ ನಾನೂ ಬರುತ್ತೇನೆ" ಅಂದರು.

29ರ ಬೆಳಿಗ್ಗೆ ಗಾಳಿ, ಮಳೆ. ಹೋಗುವುದೇ ಬೇಡ ಅಂದುಕೊಂಡಿದ್ದೆವು. ಮಳೆ ನಿಂತಿದ್ದೇ ಅಜ್ಜಿ ಬಾಗಿಲು ತಟ್ಟಿದರು, ಟೋಪಿ ಹಾಕಿಕೊಂಡು ತಯಾರಾಗಿದ್ದರು. ನಿಶಿ-ಕಸಾಯಿಯಿಂದ ತೋಝಾಯಿ ಮೆಟ್ರೋದಲ್ಲಿ ಕೂತರೆ ಎಲ್ಲೂ ಬದಲಿಸದೆ ಕುದಾನ್‌ಶಿತಾದಲ್ಲಿ ಇಳಿಯಬಹುದು. ಅಲ್ಲಿಂದ ನಡೆದೇ ಹೋಗಬಹುದು. ಮಂದಿರದ ಒಳಗೆ, "ನೋ" ಅನ್ನುವ ಹಳೆಯ ಜಪಾನಿ ನಾಟಕದ ರಂಗಮಂಟಪದ ಹತ್ತಿರ ಆ ಮರ. ಟಿವಿಯಲ್ಲಿ ಕಂಡ ಹಾಗೇ ಕ್ಯಾಮೆರಾ ಸಾಲು. ಸುತ್ತ ನಮ್ಮಂಥವರು, ಛತ್ರಿ ಮಡಿಚಿ ಹಿಡಿದು ನಿಂತವರು. ಬಿಸಿಲು ಬಂತು. ಇದ್ದಕ್ಕಿದ್ದ ಹಾಗೆ ಸೆಕೆ ಶುರುವಾಯಿತು, ಜನ ಕೋಟು ಬಿಚ್ಚಿ ತೋಳಿಗೆ ಹಾಕಿಕೊಂಡರು.

ಮಧ್ಯಾಹ್ನ ಇಲಾಖೆಯವರು ಬಂದರು. ಅಷ್ಟು ಹೊತ್ತಿನ ಗುಸುಗುಸು ನಿಂತಿತು. ಅವರು ಕತ್ತೆತ್ತಿ ಬೆರಳು ತೋರಿಸಿ ಎಣಿಸಿದರು. ಒಂದು ಸುತ್ತು. ಮತ್ತೆ ವಾಪಸು ಬಂದು ಅದೇ ಕೊಂಬೆ. ಅಜ್ಜಿ ನನ್ನ ಪಕ್ಕದಲ್ಲಿ ತುಟಿಯಲ್ಲೇ ಎಣಿಸುತ್ತಿದ್ದರು. ನನಗೆ ಒಂದು ಕೊಂಬೆಯಲ್ಲಿ ಎರಡು ಹೂ ಕಂಡವು. ಬಿಳಿ, ನೆನೆದು ಅಂಟಿಕೊಂಡ ಎಸಳು, ನಡುವೆ ಮಾತ್ರ ನಸುಗೆಂಪು. ಐದು ದಾಟಿತ್ತು. ಅಧಿಕಾರಿ ಕ್ಯಾಮೆರಾಗಳ ಕಡೆ ತಿರುಗಿ ಟೋಕಿಯೋದಲ್ಲಿ ಸಕುರಾ ಅರಳಿದೆ ಅಂತ ಘೋಷಿಸಿದರು. ಜನ ಚಪ್ಪಾಳೆ ತಟ್ಟಿದರು. ಕೂಗಾಟವಿಲ್ಲ, ಚಪ್ಪಾಳೆ ಅಷ್ಟೇ. ನನ್ನ ಕಣ್ಣಲ್ಲಿ ನೀರು ಬಂತು. ಅಜ್ಜಿ ಕೈಚೀಲದಿಂದ ಪೆನ್ಸಿಲ್ ತೆಗೆದು ಮೆಟ್ರೋ ನಕ್ಷೆಯ ಹಿಂದೆ ತಾರೀಖು ಬರೆದುಕೊಂಡರು.

ಮರುದಿನ ನಾನು ವಿಮಾನ ಹತ್ತಿದೆ. ಟೋಕಿಯೋದಲ್ಲಿ ಹೂ ತುಂಬಿದ್ದು ಏಪ್ರಿಲ್ 4ಕ್ಕೆ. ಅವತ್ತು ತಂಗಿ ಒಂದು ಫೋಟೋ ಕಳಿಸಿದಳು. ಮರದ್ದಲ್ಲ, ಅಜ್ಜಿಯ ಕ್ಯಾಲೆಂಡರಿನದ್ದು. 4ರ ಚೌಕದಲ್ಲಿ ಪೆನ್ಸಿಲ್‌ನ ಒಂದು ಪೂರ್ತಿ ಹೂ. ಕೆಳಗೆ ತಂಗಿ ಬರೆದಿದ್ದಳು: "ಅಣ್ಣ, ಅಜ್ಜಿ ಕೇಳ್ತಿದ್ದಾರೆ, ನಿಮ್ಮ ಊರಲ್ಲಿ ಈ ವರ್ಷ ಕೋಗಿಲೆ ಮೊದಲು ಕೂಗಿದ್ದು ಯಾವತ್ತು ಅಂತ."

ನನಗೆ ಗೊತ್ತಿರಲಿಲ್ಲ. ಸಾಗರಕ್ಕೆ ಅಮ್ಮನಿಗೆ ಫೋನ್ ಮಾಡಿದೆ.

"ಶಿವರಾತ್ರಿ ಜಾಗರಣೆ ಮುಗಿಸಿ ಅಂಗಳಕ್ಕೆ ನೀರು ಹಾಕಲು ಬಂದೆನಲ್ಲ, ಆಗ ಹಲಸಿನ ಮರದಲ್ಲಿ ಕೂಗಿತು ಮಾರಾಯ," ಅಂದರು ಅಮ್ಮ, ಒಂದು ಕ್ಷಣವೂ ಯೋಚಿಸದೆ. "ಯಾಕೆ ಕೇಳ್ತೀಯ?"

ಪಂಚಾಂಗ ನೋಡಿದೆ. ತಂಗಿಗೆ ಬರೆದೆ: ಮಾರ್ಚ್ 9, ಬೆಳಗಿನ ಜಾವ.