ಯಾರ್ಕ್‌ಷೈರ್ ಡೇಲ್ಸ್‌ನಲ್ಲಿ ರೈತರ ಮನೆ ವಾಸ, ಹೋಗೋರಿಗೆ ಒಂದಿಷ್ಟು ಮಾಹಿತಿ

ಲಂಡನ್ ನೋಡಿ ಆಯ್ತು, ಇನ್ನು ಹಳ್ಳಿ ಕಡೆ ಹೋಗೋಣ ಅನ್ನೋರು ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್‌ಗೆ ಹೋಗಿ. ನಾವು ಉಳ್ಕೊಂಡಿದ್ದು ಹಾಸ್ ಅನ್ನೋ ಊರಿನ ಆಚೆ, ಕುರಿ ಸಾಕೋರ ಮನೇಲಿ, ಬೆಡ್ ಅಂಡ್ ಬ್ರೇಕ್‌ಫಾಸ್ಟ್, ಅಂದ್ರೆ ಮಲಗಕ್ಕೆ ರೂಮು, ಬೆಳಿಗ್ಗೆ ತಿಂಡಿ. ರೆಸಾರ್ಟ್ ಅನ್ಕೊಂಡು ಹೋಗ್ಬೇಡಿ, ರಿಸೆಪ್ಷನ್ ಗಿಸೆಪ್ಷನ್ ಏನೂ ಇರಲ್ಲ, ಸಾಮಾನ್ಯವಾಗಿ ಸಂಜೆ ನಾಲ್ಕರ ಮೇಲೆ ಒಳಗೆ ಬಿಡ್ತಾರೆ, ಎಷ್ಟೊತ್ತಿಗೆ ಬರ್ತೀವಿ ಅಂತ ಮೊದ್ಲೇ ಮೆಸೇಜ್ ಹಾಕಿ. ದಾರೀನೂ ಅವ್ರನ್ನೇ ಕೇಳ್ಕೊಳ್ಳಿ, ಯಾಕಂದ್ರೆ ಹಳ್ಳಿಗಳಲ್ಲಿ ಒಂದೇ ಪೋಸ್ಟ್‌ಕೋಡಿಗೆ ದೂರದೂರದ ಮನೆಗಳೆಲ್ಲ ಸೇರಿರತ್ತೆ, ಜಿಪಿಎಸ್ ಯಾವ್ದೋ ಹೊಲದ ಗೇಟ್ ಮುಂದೆ ತಂದು ನಿಲ್ಸತ್ತೆ, ಅಲ್ಲಿ ಸಿಗ್ನಲ್ಲೂ ಇರಲ್ಲ.

ಕಾರಾದ್ರೆ ಒಳ್ಳೇದು, ಅಲ್ಲೂ ಎಡಗಡೆನೇ ಓಡ್ಸೋದು. ಎರಡೂ ಕಡೆ ಗಾರೆ ಇಲ್ದೆ ಜೋಡ್ಸಿರೋ ಕಲ್ಲಿನ ಗೋಡೆ, ಮಧ್ಯ ಒಂದೇ ಕಾರು ಹಿಡಿಯೋ ರಸ್ತೆ, ಎದುರಿಗೆ ಟ್ರಾಕ್ಟರ್ ಬಂತು ಅಂದ್ರೆ ರಿವರ್ಸ್ ಹೊಡೀಬೇಕಾಗತ್ತೆ, ರಿವರ್ಸ್ ಕೈ ಕುದುರಿರೋರೇ ಓಡ್ಸಿ. ಟ್ರೈನ್ ಆದ್ರೆ ಲೀಡ್ಸ್‌ನಿಂದ ಕಾರ್ಲೈಲ್ ಕಡೆದು ಹತ್ತಿ ಗಾರ್ಸ್‌ಡೇಲ್‌ನಲ್ಲಿ ಇಳೀರಿ. ದಾರೀಲಿ 24 ಕಮಾನಿನ ರಿಬಲ್‌ಹೆಡ್ ಸೇತುವೆ ಬರತ್ತೆ, ಆದ್ರೆ ನೀವು ಅದ್ರ ಮೇಲೇ ಇರೋದ್ರಿಂದ ಕಮಾನು ಸರಿಯಾಗಿ ಕಾಣಲ್ಲ! ಸ್ಟೇಷನ್ನಿಂದ ಬಸ್ಸು ಬಹಳ ಕಮ್ಮಿ, ಟೈಮ್ ನೋಡ್ಕೊಂಡೇ ಟ್ರೈನ್ ಹತ್ತಿ.

ಇನ್ನು ತಿಂಡಿ. ಎಷ್ಟೊತ್ತಿಗೆ ಏನು ಬೇಕು ಅಂತ ಹಿಂದಿನ ಸಂಜೆನೇ ಕೇಳ್ತಾರೆ. ಫುಲ್ ಇಂಗ್ಲಿಷ್ ಅಂದ್ರೆ ಮೊಟ್ಟೆ, ಬೇಕನ್, ಸಾಸೇಜು, ಸುಟ್ಟ ಟೊಮೇಟೊ, ಅಣಬೆ, ಸಿಹಿ ಸಿಹಿ ಬೀನ್ಸು, ಟೋಸ್ಟು, ತಟ್ಟೆ ಕಾಣದಷ್ಟು. ಅದ್ರಲ್ಲಿ ಕಪ್ಪಗೆ ಬಿಲ್ಲೆ ಥರ ಇರೋದು ಬ್ಲ್ಯಾಕ್ ಪುಡ್ಡಿಂಗ್, ಹೆಸರು ಕೇಳಿ ಸ್ವೀಟು ಅನ್ಕೋಬೇಡಿ, ಹಂದಿ ರಕ್ತದ್ದು. ಸಸ್ಯಾಹಾರಿಗಳು ಬುಕ್ ಮಾಡುವಾಗ್ಲೇ ಬರೀರಿ, ಮೊಟ್ಟೆ ತಿನ್ನಲ್ಲ ಅಂದ್ರೆ ಅದನ್ನ ಬೇರೆಯಾಗೇ ಹೇಳಿ, ವೆಜಿಟೇರಿಯನ್ ಅಂದ್ರೆ ಅವ್ರ ಲೆಕ್ಕದಲ್ಲಿ ಮೊಟ್ಟೆ ಸೇರತ್ತೆ. ನಮ್ಮನೆ ಅಮ್ಮಂಗೆ ಪಾಪ ಆ ಯಜಮಾನಿ ಬೇರೆ ಬಾಣ್ಲೇಲೇ ಅಣಬೆ ಹುರಿದು ಕೊಟ್ರು, ಪಕ್ಕದಲ್ಲಿ ಚಟ್ನಿಪುಡಿ ಇಟ್ಕೊಂಡು ಅಮ್ಮ ಖುಷಿಯಾಗಿ ತಿಂದ್ರು.

ರಾತ್ರಿ ಊಟ ಮಾತ್ರ ನಿಮ್ದೇ. ಹತ್ರದ ಪಬ್ಬೇ ಗತಿ, ಪಬ್ ತೆಗೆದಿದ್ರೂ ಅಡುಗೆಮನೆ ಎಂಟೂವರೆ ಒಂಬತ್ತಕ್ಕೆಲ್ಲ ಮುಚ್ಚತ್ತೆ. ಜೂನ್‌ನಲ್ಲಿ ಒಂಬತ್ತೂವರೆವರೆಗೂ ಬೆಳಕಿರೋದ್ರಿಂದ ಟೈಮೇ ಗೊತ್ತಾಗಲ್ಲ, ಹುಷಾರು. ರೂಮಲ್ಲಿ ಕೆಟಲ್ ಇದ್ದೇ ಇರತ್ತೆ, ಇನ್‌ಸ್ಟಂಟ್ ಉಪ್ಪಿಟ್ಟು ಅವಲಕ್ಕಿ ತಗೊಂಡೋಗಿ. ಒಗ್ಗರಣೆ ಹಾಕಕ್ಕೆ ಅಡುಗೆಮನೆ ಕೇಳ್ಬೇಡಿ ದಯವಿಟ್ಟು.

ಹೊಲದ ಮಧ್ಯಾನೇ ಪಬ್ಲಿಕ್ ಫುಟ್‌ಪಾತ್, ಅಂದ್ರೆ ಯಾರು ಬೇಕಾದ್ರೂ ನಡೆಯೋ ಹಕ್ಕಿರೋ ಕಾಲುದಾರಿ ಹೋಗತ್ತೆ, ಧೈರ್ಯವಾಗಿ ನಡೀಬಹುದು, ಗೇಟು ಹೆಂಗಿತ್ತೋ ಹಂಗೇ ಬಿಡ್ಬೇಕು. ಏಪ್ರಿಲ್‌ನಲ್ಲಿ ಕುರಿ ಮರಿ ಹಾಕೋ ಕಾಲ, ಮಕ್ಕಳಿಗೆ ಹಬ್ಬ, ಆದ್ರೆ ಗರ್ಭಿಣಿಯರು ಆಗ ಕುರಿ ಹತ್ರ ಹೋಗ್ಲೇಬಾರ್ದು, ಸೋಂಕು ತಗಲತ್ತೆ ಅಂತ ಅಲ್ಲಿನ ಡಾಕ್ಟರುಗಳೇ ಹೇಳ್ತಾರೆ. ಅಂಥವ್ರಿದ್ರೆ ಬೇಸಿಗೆಗೆ ಬುಕ್ ಮಾಡಿ.