ಎಡ ಮುಂಚಕ್ರದ ಸೊನ್ನೆ

ನಮ್ಮ ಎಸ್‌ಯುವಿಯಲ್ಲಿ ಬ್ರೇಕಿಗೆ ನೆರವಾಗುವ ಎಬಿಎಸ್ ವ್ಯವಸ್ಥೆಯ ಎಚ್ಚರಿಕೆ ದೀಪ ಹೊತ್ತಿಕೊಂಡಿದ್ದು ಮಳೆಗಾಲದ ನಡುವೆ. ಅದರ ಜೊತೆಗೇ ಜಾರುವಿಕೆ ತಡೆಯುವ ಇಎಸ್‌ಪಿ ದೀಪ, ಏರಿನಲ್ಲಿ ಗಾಡಿ ಹಿಂದಕ್ಕೆ ಉರುಳದಂತೆ ಹಿಡಿಯುವ ವ್ಯವಸ್ಥೆಯ ದೀಪ ಎರಡೂ ಬಂದವು. ಮೂರು ದೀಪ ಕಂಡರೆ ಮೂರು ರೋಗ ಎಂದು ಹೆದರಬೇಕಿಲ್ಲ. ಮೂರೂ ನಂಬಿರುವುದು ಚಕ್ರಗಳ ವೇಗ ಅಳೆಯುವ ಅದೇ ನಾಲ್ಕು ಸೆನ್ಸರ್‌ಗಳನ್ನು. ಒಂದು ಮುನಿಸಿಕೊಂಡರೆ ಎಲ್ಲವೂ ಕೈಕಟ್ಟಿ ಕೂರುತ್ತವೆ. ಮಾಮೂಲಿ ಬ್ರೇಕ್ ಇದ್ದೇ ಇರುತ್ತದೆ. ಜೋರಾಗಿ ತುಳಿದಾಗ ಚಕ್ರ ಕಚ್ಚಿಕೊಳ್ಳದಂತೆ, ಸ್ಟಿಯರಿಂಗ್ ಮಾತು ಕೇಳುವಂತೆ ಕಾಯುವ ಎಬಿಎಸ್ ಕೆಲಸ ಮಾತ್ರ ನಿಂತುಹೋಗುತ್ತದೆ. ಒದ್ದೆ ಮೇಲ್ಸೇತುವೆಯಲ್ಲಿ ಅದು ಸಣ್ಣ ನಷ್ಟವಲ್ಲ.

ಸರ್ವಿಸ್ ಕೇಂದ್ರದವರು ಸ್ಕ್ಯಾನರ್ ಸಿಕ್ಕಿಸಿ, ಎಡ ಮುಂಚಕ್ರದ ದೋಷ ಸೂಚಿಸುವ ಕೋಡ್ ಓದಿ, ಸೆನ್ಸರ್ ಬದಲಿಸಬೇಕು, ಬೇರಿಂಗ್ ಕೂಡ ಬದಲಿಸಿಬಿಡುವುದು ಒಳ್ಳೆಯದು ಎಂದು ಅಂದಾಜು ಪಟ್ಟಿ ಕೈಗಿಟ್ಟರು. ನನಗೆ ಸಿಟ್ಟು ಬಂದದ್ದು ಮೊತ್ತಕ್ಕಲ್ಲ (ಮೊತ್ತಕ್ಕೂ ಬಂತು ಎನ್ನಿ), ಚಕ್ರ ಬಿಚ್ಚಿಯೂ ನೋಡದೆ ತೀರ್ಪು ಕೊಟ್ಟದ್ದಕ್ಕೆ. ಆ ಚಕ್ರದ ಸಂಕೇತ ಸರಿಯಾಗಿ ಬರುತ್ತಿಲ್ಲ ಎಂದಷ್ಟೇ ಕೋಡ್ ಹೇಳುತ್ತದೆ. ಸೆನ್ಸರ್ ಸತ್ತಿದೆಯೋ, ದಾರಿಯಲ್ಲಿ ವೈರು ಕೈಕೊಟ್ಟಿದೆಯೋ ಎಂಬುದನ್ನು ಮನುಷ್ಯರೇ ಹುಡುಕಬೇಕು.

ಬೆಂಗಳೂರಿನ ಜೆ.ಸಿ. ರಸ್ತೆಯ ಅಡ್ಡರಸ್ತೆಯೊಂದರಲ್ಲಿ ಅಂಗಡಿ ಇಟ್ಟಿರುವ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಹುಡುಕಿದರು. ಬಾನೆಟ್ ತೆಗೆಯಲಿಲ್ಲ. "ಓಡಿಸಿ ಮೇಡಂ" ಎಂದು ಸ್ಕ್ಯಾನರ್ ಹಿಡಿದು ಪಕ್ಕದಲ್ಲಿ ಕುಳಿತರು. ನೇರ ಹೋಗುವಾಗ ನಾಲ್ಕು ಚಕ್ರಗಳ ವೇಗವೂ ಪರದೆಯ ಮೇಲೆ ಸಮನಾಗಿಯೇ ಇತ್ತು. ಸ್ಟಿಯರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿದೊಡನೆ ಎಡ ಮುಂಚಕ್ರದ ಅಂಕಿ ಸೊನ್ನೆಗೆ ಬಿತ್ತು. "ಸತ್ತ ಸೆನ್ಸರ್ ಎಡ ಬಲ ನೋಡುವುದಿಲ್ಲ ಮೇಡಂ" ಎಂದರು.

ಚಕ್ರ ಕಳಚಿದಾಗ ಕಥೆ ಬಯಲಾಯಿತು. ಹಿಂದೆ ಬೇರೊಂದು ಗ್ಯಾರೇಜಿನಲ್ಲಿ ಶಾಕ್ ಅಬ್ಸಾರ್ಬರ್ ಬದಲಿಸಿದವರು ಸೆನ್ಸರ್ ವೈರನ್ನು ಅದಕ್ಕೆ ಹಿಡಿದಿಡುವ ಕ್ಲಿಪ್ಪನ್ನು ಮರಳಿ ಹಾಕಿರಲಿಲ್ಲ. ಪ್ರತಿ ತಿರುವಿನಲ್ಲೂ ವೈರು ಕನೆಕ್ಟರನ್ನು ಜಗ್ಗಿ, ಅದರ ರಬ್ಬರ್ ಸೀಲ್ ಸಡಿಲಿಸಿ, ಮಳೆನೀರಿಗೆ ದಾರಿ ಮಾಡಿಕೊಟ್ಟಿತ್ತು. ಒಳಗಿನ ಪಿನ್‌ಗಳಿಗೆ ಹಸಿರು ಕಿಲುಬು.

ಬಿಚ್ಚಿದ್ದಾಯಿತಲ್ಲ, ಸೆನ್ಸರನ್ನೂ ತೆಗೆದು ಒರೆಸಿಬಿಡಿ ಅಣ್ಣ ಎಂದೆ. ಅವರು ಒಪ್ಪಲಿಲ್ಲ. ಪ್ಲಾಸ್ಟಿಕ್ ಸೆನ್ಸರ್ ಕೂತಿರುವುದು ಕಬ್ಬಿಣದ ತೂತಿನಲ್ಲಿ. ಸುತ್ತ ಕಟ್ಟಿದ ತುಕ್ಕು ಅದನ್ನು ಬಿಗಿದುಕೊಂಡಿರುತ್ತದೆ, ಕಿತ್ತರೆ ತಲೆ ಕೈಗೆ ಬಂದು ಮೂತಿ ಒಳಗೇ ಉಳಿಯುತ್ತದಂತೆ. ಮಲ್ಟಿಮೀಟರಿನಲ್ಲಿ ಸೆನ್ಸರಿನ ಓಮ್, ಅಂದರೆ ವಿದ್ಯುತ್ ತಡೆ, ಅಳೆಯುವುದನ್ನೂ ಬೇಡವೆಂದರು. ಹಳೆಯ ಗಾಡಿಗಳ ತಂತಿಸುರುಳಿಯ ಸೆನ್ಸರಿಗೆ ಆ ಪರೀಕ್ಷೆ ಸರಿ, ಇದರೊಳಗೆ ಚಿಪ್ ಇದೆ. ಬದಲಿಗೆ ಕನೆಕ್ಟರ್‌ವರೆಗೆ ವೋಲ್ಟೇಜ್ ಬರುತ್ತಿದೆಯೇ ಎಂದು ನೋಡಿದರು. ಬರುತ್ತಿತ್ತು. ಕನೆಕ್ಟರ್ ಬದಲಿಸಿ, ಬೆಸುಗೆ ಹಾಕಿ, ಎರಡು ವೈರುಗಳನ್ನು ಮೊದಲಿದ್ದಂತೆಯೇ ಒಂದಕ್ಕೊಂದು ಹೆಣೆದರು. ಹೆಣಿಗೆ ಅಂದಕ್ಕಲ್ಲ, ಸುತ್ತಲಿನ ವಿದ್ಯುತ್ ಗದ್ದಲ ಸಂಕೇತಕ್ಕೆ ಸೇರದಿರಲೆಂದು. ಹೊಸ ಕ್ಲಿಪ್ಪನ್ನೂ ಹಾಕಿದರು.

ಕೋಡ್ ಅಳಿಸಿದರೂ ದೀಪ ಆರಲಿಲ್ಲ. ಗಾಡಿ ಸ್ವಲ್ಪ ವೇಗ ಹಿಡಿದ ಮೇಲೆಯೇ ಎಬಿಎಸ್ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು. ನಮ್ಮದಕ್ಕೆ ಗಂಟೆಗೆ ಇಪ್ಪತ್ತು ಕಿಲೋಮೀಟರ್ ಸಾಕು ಎಂದರು. ಸಂಜೆಯ ಜೆ.ಸಿ. ರಸ್ತೆಯಲ್ಲಿ ಇಪ್ಪತ್ತು ಎಲ್ಲಿಂದ ತರುವುದು? ತೆವಳುತ್ತ ತೆವಳುತ್ತ ಲಾಲ್‌ಬಾಗ್ ಕಡೆ ಬಂದಾಗ ರಸ್ತೆ ಕೊಂಚ ಬಿಟ್ಟುಕೊಟ್ಟಿತು. ಮೂರೂ ದೀಪಗಳು ಆರಿದವು. ಅಂಗಡಿಗೆ ಬಿಡುತ್ತೇನೆ ಎಂದೆ. ಅವರು ಹಿಂದಿನ ವಾಹನಗಳ ಸಾಲನ್ನೊಮ್ಮೆ ನೋಡಿ, ನಡೆದರೇ ಬೇಗ ಎಂದು ಸ್ಕ್ಯಾನರ್ ಬಗಲಿಗಿಟ್ಟುಕೊಂಡು ಸಿಗ್ನಲ್ಲಿನಲ್ಲೇ ಇಳಿದರು.